ರಾತ್ರಿ ಆಕ್ಸಿಜನ್ 84ಕ್ಕೆ ಇಳಿಯುತ್ತದೆ, ಬೆಳಗ್ಗೆ ನೋಡಿದರೆ 97. ಏನಿದು?

ಪ್ರಶ್ನೆ: ನಮ್ಮ ಯಜಮಾನರಿಗೆ 49 ವರ್ಷ. ಜೋರು ಗೊರಕೆ. ನಡುನಡುವೆ ಗೊರಕೆ ನಿಂತೇಹೋಗುತ್ತದೆ, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ಬೆರಳಿಗೆ ಆಕ್ಸಿಮೀಟರ್ ಹಾಕಿದೆ. 95 ಇದ್ದದ್ದು 84ಕ್ಕೆ ಇಳಿದು ಮತ್ತೆ ಏರುತ್ತದೆ. ಬೆಳಗ್ಗೆ 97. ಮನೆಯಲ್ಲಿ ಆಕ್ಸಿಜನ್ ಮಷೀನ್ ಇಟ್ಟುಕೊಂಡರೆ ಸಾಕಾ?

ಉತ್ತರ: ಮಷೀನ್ ತರಬೇಡಿ, ಸ್ವಲ್ಪ ತಡೆಯಿರಿ. ನೀವು ಹೇಳಿದ್ದು ಸ್ಲೀಪ್ ಅಪ್ನಿಯಾ ಇದ್ದ ಹಾಗೇ ಇದೆ. ಅದರಲ್ಲಿ ಗಾಳಿ ಹೋಗುವ ದಾರಿಯೇ ಮುಚ್ಚಿಕೊಳ್ಳುತ್ತದೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯು ಸಡಿಲವಾಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ, ಎದೆ ಹೊಟ್ಟೆ ಎರಡೂ ಉಸಿರಿಗಾಗಿ ಒದ್ದಾಡುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ಕೊನೆಗೆ ಮೆದುಳು ಅರೆ ಎಚ್ಚರವಾಗಿ ದಾರಿ ಬಿಡಿಸುತ್ತದೆ. ನೀವು ಕೇಳಿದ ಆ 'ಗಕ್' ಸದ್ದು ಅದೇ. ಬೆಳಗ್ಗೆ ಅವರಿಗೆ ಇದ್ಯಾವುದೂ ನೆನಪಿರುವುದಿಲ್ಲ.

ಇವತ್ತು ರಾತ್ರಿ ಒಂದು ಗಮನಿಸಿ. ಅವರು ಉಸಿರೆಳೆದುಕೊಂಡ ಮೇಲೂ ಅಂಕಿ ಸ್ವಲ್ಪ ಹೊತ್ತು ಇಳಿಯುತ್ತಲೇ ಇರಬಹುದು. ಶ್ವಾಸಕೋಶದ ರಕ್ತ ಬೆರಳ ತುದಿಗೆ ಬರಲು, ಮೀಟರ್ ಲೆಕ್ಕ ಹಾಕಲು ಹೊತ್ತು ಬೇಕಲ್ವಾ? ಆಗ ಗಾಬರಿಯಾಗಬೇಡಿ.

ಬೆಳಗಿನ 97 ನೋಡಿ ಸಮಾಧಾನವೂ ಬೇಡ. ಎಚ್ಚರ ಇದ್ದಾಗ ದಾರಿ ತೆರೆದೇ ಇರುತ್ತದೆ. ರಾತ್ರಿಯ ಸರಾಸರಿ ಚೆನ್ನಾಗಿದ್ದರೂ ಅದರೊಳಗೆ ಎಷ್ಟೋ ಇಳಿತ ಅಡಗಿರಬಹುದು. ನಾನು ಮೊದಲು ನೋಡುವುದು ರಾತ್ರಿಯಿಡೀ ಆಕ್ಸಿಜನ್ ಏರಿಳಿದ ಗ್ರಾಫ್. ಗರಗಸದ ಹಲ್ಲಿನ ಹಾಗೆ ಇಳಿದು ಏರಿ, ಇಳಿದು ಏರಿ ಸಾಲಾಗಿ ಕಂಡರೆ ಅನುಮಾನ ಜಾಸ್ತಿ. ಒಂದೇ ಸಲ ಕುಸಿದಿದ್ದರೆ ಬೆರಳು ತಣ್ಣಗಿದ್ದಿರಬಹುದು, ಕೈ ಮೈ ಕೆಳಗೆ ಸಿಕ್ಕಿರಬಹುದು. ವಾಚ್ ಕೊಡುವ ಅಂಕಿಯನ್ನಂತೂ ಪೂರ್ತಿ ನಂಬಬೇಡಿ. ಇನ್ನು, ಆಕ್ಸಿಜನ್ ಇಳಿಯದೇ ಇದ್ದರೂ ಅಪ್ನಿಯಾ ಇರಬಹುದು. ಕೆಲವರ ಮೆದುಳು ಅಷ್ಟರೊಳಗೇ ಎಚ್ಚರಿಸಿಬಿಡುತ್ತದೆ.

ಅದಕ್ಕೇ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಲೇಬೇಕು. ಉಸಿರು 10 ಸೆಕೆಂಡ್ ಅಥವಾ ಜಾಸ್ತಿ ನಿಂತರೆ, ಇಲ್ಲವೇ ತೀರಾ ಕಡಿಮೆಯಾದರೆ ಅದನ್ನು ಎಣಿಸುತ್ತಾರೆ. ಗಂಟೆಗೆ 5ರ ಒಳಗಿದ್ದರೆ ಸರಿ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಚಿಕಿತ್ಸೆಗೆ ಜಾಸ್ತಿ ಬಳಸುವುದು ಸಿಪ್ಯಾಪ್ ಮಷೀನ್. ಅದು ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಬರೀ ಆಕ್ಸಿಜನ್ ಕೊಟ್ಟರೆ ಅಂಕಿ ಚೆಂದ ಕಾಣುತ್ತದೆ, ಗಂಟಲು ಮುಚ್ಚುವುದು ನಿಲ್ಲುವುದಿಲ್ಲ. ಕೆಲವರಲ್ಲಿ ಉಸಿರು ನಿಲ್ಲುವ ಹೊತ್ತು ಇನ್ನೂ ಉದ್ದವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ನನಗೆ ಭಯ ಇರುವುದೇ ಇಲ್ಲಿ.

ಸದ್ಯಕ್ಕೆ ಮಗ್ಗುಲಾಗಿ ಮಲಗಿಸಿ. ಮದ್ಯ ಬೇಡ, ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆಯೂ ಬೇಡ. ಹಗಲು ತೂಕಡಿಕೆ ಇದ್ದರೆ ಗಾಡಿ ಓಡಿಸಲು ಬಿಡಬೇಡಿ. ಬಿಪಿ ನೋಡಿಸಿ, ಇದಕ್ಕೂ ಬಿಪಿಗೂ ನಂಟಿದೆ. ಡಾಕ್ಟರ್ ಹತ್ತಿರ ಹೋಗುವ ಮುಂಚೆ, ಗೊರಕೆ ನಿಂತು ಮತ್ತೆ ಶುರುವಾಗುವ ತನಕ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎದೆ ಹೊಟ್ಟೆ ಎರಡೂ ಕಾಣಬೇಕು, ಸದ್ದೂ ಕೇಳಬೇಕು.