ಯಾವುದು ಸುದ್ದಿ ಎಂದು ಯಾರು ನಿರ್ಧರಿಸುತ್ತಾರೆ?

ದಿನವೂ ಇಷ್ಟೆಲ್ಲ ನಡೆಯುತ್ತಿರುವಾಗ ಕೆಲವು ಮಾತ್ರ ಸುದ್ದಿಯಾಗುವುದು ಹೇಗೆ, ಡಿಜಿಟಲ್ ಮಾಧ್ಯಮ ಬಂದ ಮೇಲೆ ಆ ಆಯ್ಕೆಯಲ್ಲಿ ಬದಲಾದದ್ದೇನು ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಅಚ್ಚಾಗುವ ಕನ್ನಡ ಪತ್ರಿಕೆಯೊಂದಕ್ಕೆ ಕಾಸರಗೋಡಿನಿಂದ ಹಲವು ವರ್ಷ ವರದಿ ಮಾಡಿದವನಾಗಿ ಉತ್ತರಿಸುತ್ತೇನೆ.

ನಾನು ಸೇರಿದ ಕಾಲದಲ್ಲಿ ನಮ್ಮ ಮೊದಲ ಸಂಪಾದಕ ಬಸ್ಸೇ ಆಗಿತ್ತು. ಬರೆದ ಹಾಳೆಗಳನ್ನು ಕವರಿಗೆ ಹಾಕಿ ಸಂಜೆಯ ಮಂಗಳೂರು ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೆವು. ಆ ಬಸ್ಸು ಹೊರಟ ಮೇಲೆ ಬದಿಯಡ್ಕದಲ್ಲಿ ಏನೇ ನಡೆದರೂ ಮರುದಿನದ ಪತ್ರಿಕೆಯ ಪಾಲಿಗೆ ಅದು ನಡೆದಿರಲೇ ಇಲ್ಲ. ಕವರು ತಲುಪಿದ ಮೇಲೂ ಡೆಸ್ಕಿನವರು, ಅಂದರೆ ಕಚೇರಿಯಲ್ಲಿ ಕುಳಿತು ಸುದ್ದಿ ಆರಿಸಿ ತಿದ್ದುವವರು, ನೋಡುತ್ತಿದ್ದುದು ಜಾಹೀರಾತು ಹೋಗಿ ಪುಟದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು. ಒಂದೇ ಬಗೆಯ ಅಪಘಾತ ಒಂದು ದಿನ ಮೂರು ಕಾಲಂ ಆದರೆ ಇನ್ನೊಂದು ದಿನ ನಾಲ್ಕು ಸಾಲು.

ಇದು ನಮ್ಮ ಕಡೆಯ ವಿಶೇಷವೇನಲ್ಲ. ಅಮೆರಿಕದ ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ ಒಬ್ಬ ಡೆಸ್ಕ್ ಸಂಪಾದಕನಿಂದ, ಒಂದು ವಾರ ಕಾಲ ಅವನು ಕೈಬಿಟ್ಟ ಸುದ್ದಿಗಳಿಗೆಲ್ಲ ಕಾರಣ ಬರೆಸಿ 1950ರಲ್ಲಿ ಪ್ರಕಟಿಸಿದರು. ಅವನು ಬಳಸಿದ್ದು ಹತ್ತರಲ್ಲಿ ಸುಮಾರು ಒಂದು ಪಾಲು. ಕಾರಣಗಳಲ್ಲಿ ಜಾಗದ ಕೊರತೆಯಷ್ಟೇ ಅಲ್ಲ, ಅವನ ಸ್ವಂತ ಇಷ್ಟಾನಿಷ್ಟಗಳೂ ಇದ್ದವು. ಘಟನೆಯೊಂದು ಸುದ್ದಿಯಾಗಲು ನೆರವಾಗುವವೆಂದು 1965ರಲ್ಲಿ ನಾರ್ವೆಯ ಸಂಶೋಧಕರಾದ ಗಾಲ್ಟುಂಗ್ ಮತ್ತು ರೂಗೆ ಗುರುತಿಸಿದ 12 ಅಂಶಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು, ಘಟನೆಯ ಕಾಲಾವಧಿ ಪತ್ರಿಕೆಯ ಕಾಲಾವಧಿಗೆ ಹೊಂದಬೇಕೆಂಬುದು. ದಿನಪತ್ರಿಕೆಗೆ ಒಂದು ದಿನದಲ್ಲಿ ಆಗಿ ಮುಗಿಯುವ ಘಟನೆ ಬೇಕು. ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಆ ತೋಟಗಳ ಬಳಿಯ ಎಣ್ಮಕಜೆಯ ಮನೆಗಳಲ್ಲಿ ಒಂದೊಂದಾಗಿ ಕಾಯಿಲೆಗಳು ಕಾಣಿಸಿಕೊಂಡಾಗ, ‘ನಿನ್ನೆ ಏನಾಯಿತು?’ ಎಂದು ಕೇಳುವ ಡೆಸ್ಕಿಗೆ ಹೇಳಲು ನಮ್ಮಲ್ಲಿ ಏನಿತ್ತು? ಕೃಷಿ ಪತ್ರಕರ್ತ ಶ್ರೀಪಡ್ರೆಯವರಂಥ ಕೆಲವರು ಹಿಡಿದ ಪಟ್ಟು ಬಿಡದೆ ಬರೆದರು. ಧರಣಿ, ಮೆರವಣಿಗೆ, 2011ರ ಸುಪ್ರೀಂ ಕೋರ್ಟ್ ನಿಷೇಧ ಬಂದಾಗ ಮಾತ್ರ ಮುಖಪುಟಕ್ಕೆ ಅದು ತಾನಾಗಿ ಏರಿತು.

ಡಿಜಿಟಲ್‌ನಲ್ಲಿ ಜಾಗಕ್ಕೆ ಬರವಿಲ್ಲ, ಬಸ್ಸೂ ಬೇಕಿಲ್ಲ. ಆದರೆ ಮೊದಲು ಪ್ರಕಟಣೆಗೆ ಮುಂಚೆ ನಡೆಯುತ್ತಿದ್ದ ಆಯ್ಕೆಯ ದೊಡ್ಡ ಪಾಲು ಈಗ ಪ್ರಕಟಣೆಯ ನಂತರ ನಡೆಯುತ್ತದೆ. ಈ ಕ್ಷಣ ಎಷ್ಟು ಜನ ಓದುತ್ತಿದ್ದಾರೆಂಬ ಲೆಕ್ಕ ಡೆಸ್ಕಿನ ಪರದೆಯ ಮೇಲಿರುತ್ತದೆ. ಬ್ರಿಟನ್ನಿನ ಸಂಶೋಧಕರಾದ ಹಾರ್ಕಪ್ ಮತ್ತು ಓನೀಲ್ 2017ರಲ್ಲಿ ಸುದ್ದಿಮೌಲ್ಯಗಳ, ಅಂದರೆ ಘಟನೆಯನ್ನು ಸುದ್ದಿಯಾಗಿಸುವ ಅಂಶಗಳ, ಪಟ್ಟಿಗೆ ಜನ ಹಂಚಿಕೊಳ್ಳುವಂತಿರಬೇಕು ಎಂಬುದನ್ನೂ ಸೇರಿಸಬೇಕಾಯಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಮಾಧ್ಯಮ ಸಂಸ್ಥೆಗಳ ಪೋಸ್ಟ್‌ಗಳಿಗಿಂತ ಬಂಧುಮಿತ್ರರ ಪೋಸ್ಟ್‌ಗಳಿಗೆ ಆದ್ಯತೆ ಕೊಡುವುದಾಗಿ ಪ್ರಕಟಿಸಿತು. ಇಂಥ ತೀರ್ಮಾನಗಳಲ್ಲಿ ಯಾವ ಪತ್ರಿಕೆಯ ಸಂಪಾದಕರಿಗೂ ಮಾತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಕನ್ನಡ ಬಾರದ ಗಣಿತ ಶಿಕ್ಷಕರು ನೇಮಕವಾದಾಗ ಮಕ್ಕಳು ತರಗತಿ ಬಿಟ್ಟು ಜಗಲಿಯಲ್ಲಿ ಕುಳಿತಿದ್ದರು. ಅಚ್ಚಿನಲ್ಲಾದರೆ ಆ ವರದಿ ಕಾಸರಗೋಡು ಪುಟದಲ್ಲಿ ಬಂದು, ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟದೆ ಅಲ್ಲೇ ಮುಗಿಯುತ್ತಿತ್ತು. ಪುಟ ತಿರುಗಿಸಿದವರ ಕಣ್ಣಿಗಂತೂ ಬೀಳುತ್ತಿತ್ತು. ಜಾಲತಾಣದಲ್ಲಿ ಅದೇ ದಿನ ಯಾರದೋ ಅಂಗಳಕ್ಕೆ ಬಂದ ಹೆಬ್ಬಾವಿನ ವಿಡಿಯೊದ ಕೆಳಗೆ ಅದು ಮಧ್ಯಾಹ್ನದವರೆಗೆ ಹೂತುಹೋಗಿತ್ತು. ಸಂಜೆ ದುಬೈಯಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದರು, ಅಲ್ಲಿಂದ ಬೆಂಗಳೂರಿಗೂ ಹೋಯಿತು. ರಾತ್ರಿ ಒಂಬತ್ತಕ್ಕೆ ಡೆಸ್ಕಿನಿಂದ ಫೋನು: ‘ನಿಮ್ಮ ಶಾಲೆಯ ಸುದ್ದಿ ಚೆನ್ನಾಗಿ ಓಡ್ತಾ ಇದೆ ಮಾರಾಯ್ರೆ, ನಾಳೆ ಒಳ್ಳೆ ಜಾಗ ಕೊಡ್ತೇವೆ. ಮಕ್ಕಳ ವಿಡಿಯೊ ಏನಾದ್ರೂ ಉಂಟಾ?’