ಒಂದೇ ಕಂಪ್ಯೂಟರ್‌ಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರೆ

ಪ್ರಶ್ನೆ: ಕಚೇರಿಯಲ್ಲಿ ನನ್ನ ಕಂಪ್ಯೂಟರ್‌ಗೆ ಮಾತ್ರ ದಿನಕ್ಕೆ ಏಳೆಂಟು ಸಲ ನೆಟ್‌ವರ್ಕ್ ಕಡಿದುಹೋಗುತ್ತದೆ. ಅರ್ಧ ನಿಮಿಷದಲ್ಲಿ ತಾನಾಗಿಯೇ ಬರುತ್ತದೆ. ಪಕ್ಕದವರಿಗೆ ತೊಂದರೆಯಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ್ದೂ ಆಯಿತು. ಎಲ್ಲಿ ಹುಡುಕಲಿ?

ಉತ್ತರ: ಪಕ್ಕದವರಿಗೆ ತೊಂದರೆಯಿಲ್ಲ ಎಂದಮೇಲೆ ಇಂಟರ್ನೆಟ್ ಲೈನನ್ನು ಸದ್ಯಕ್ಕೆ ಬಿಟ್ಟುಬಿಡಿ. ನೆಟ್‌ವರ್ಕ್ ಹೋದ ತಕ್ಷಣ ರೀಸ್ಟಾರ್ಟ್ ಮಾಡುವುದನ್ನೂ ನಿಲ್ಲಿಸಿ. ಬಂದು ಹೋಗುವ ದೋಷವನ್ನು ಅದು ಇರುವ ಹೊತ್ತಿನಲ್ಲೇ ಹಿಡಿಯಬೇಕು.

ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋದಲ್ಲಿ, ಐಪಿಕಾನ್ಫಿಗ್ (ipconfig) ಎಂದು ಕೊಟ್ಟರೆ ‘ಡೀಫಾಲ್ಟ್ ಗೇಟ್‌ವೇ’ ಎದುರು ರೌಟರ್‌ನ ವಿಳಾಸ ಕಾಣುತ್ತದೆ, 192.168.1.1 ಎಂದಿಟ್ಟುಕೊಳ್ಳಿ. ಎರಡು ವಿಂಡೋ ತೆರೆದು ಒಂದರಲ್ಲಿ ‘ಪಿಂಗ್ 192.168.1.1 -ಟಿ’ (ping 192.168.1.1 -t), ಇನ್ನೊಂದರಲ್ಲಿ ‘ಪಿಂಗ್ 8.8.8.8 -ಟಿ’ ಕೊಟ್ಟು ಹಾಗೇ ಓಡಲು ಬಿಡಿ. ಪಿಂಗ್ ಎಂದರೆ ಆ ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವುದು; 8.8.8.8 ಹೊರಗಿನ ಇಂಟರ್ನೆಟ್‌ನ ಒಂದು ವಿಳಾಸ. ಎರಡೂ ಒಟ್ಟಿಗೆ ನಿಂತರೆ ದೋಷ ನಿಮ್ಮ ಮೇಜಿಗೂ ರೌಟರ್‌ಗೂ ನಡುವೆ ಇದೆ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸ ಪರೀಕ್ಷಿಸಿ.

ನಿಂತಾಗ ಪರದೆಯ ಮೇಲೆ ಬರುವ ಮಾತನ್ನು ಬರೆದಿಟ್ಟುಕೊಳ್ಳಿ. ‘ಜನರಲ್ ಫೇಲ್ಯೂರ್’ ಎಂದರೆ ಕಂಪ್ಯೂಟರ್ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಲೇ ಇಲ್ಲ; ಹೆಚ್ಚಾಗಿ ಕೇಬಲ್ ಸಂಪರ್ಕವೇ ಕಡಿದಿರುತ್ತದೆ. ಆಗ ಕೇಬಲ್ ಸಿಕ್ಕಿಸುವ ಪೋರ್ಟಿನ ಪಕ್ಕದ ದೀಪವೂ ಆರಿರುತ್ತದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಕಳಿಸಿದ್ದಕ್ಕೆ ಉತ್ತರ ಬಂದಿಲ್ಲ.

ದೀಪ ಆರುತ್ತಿದ್ದರೆ ನನ್ನ ಮೊದಲ ಅನುಮಾನ ಕೇಬಲ್ ತುದಿಯ ಕನೆಕ್ಟರ್ ಮೇಲೆ. ಆರ್‌ಜೆ-45 ಎಂಬ ಆ ಕನೆಕ್ಟರ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಕುರ್ಚಿ ತಾಗಿದರೂ ಸಂಪರ್ಕ ಬಿಡುತ್ತದೆ. ಕೇಬಲ್‌ನ ಹೊರ ಕವಚ ಕನೆಕ್ಟರ್‌ನ ಒಳಗೆ ಕಚ್ಚಿಕೊಂಡಿರಬೇಕು. ಬಣ್ಣದ ಎಳೆಗಳು ಹೊರಗೆ ಕಾಣುತ್ತಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರನ್ನು ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಕೂರಿಸಲು ಹೇಳಿ. ಹಾಗೆ ಮಾಡುವಾಗ, ಎರಡೆರಡಾಗಿ ಹೆಣೆದಿರುವ ಎಳೆಗಳ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಅಡಾಪ್ಟರ್‌ನ ‘ಸ್ಟೇಟಸ್’ನಲ್ಲಿ ವೇಗವನ್ನೂ ನೋಡಿ. ಪಕ್ಕದವರಿಗೆ 1 ಗಿಗಾಬಿಟ್ ಇದ್ದು ನಿಮಗೆ 100 ಮೆಗಾಬಿಟ್ ತೋರಿಸಿದರೆ ಎಳೆಯೊಂದು ತುಂಡಾಗಿರುವ ಸಾಧ್ಯತೆ ಹೆಚ್ಚು. ಗಿಗಾಬಿಟ್‌ಗೆ 8 ಎಳೆಗಳೂ ಬೇಕು, 100ಕ್ಕೆ 1, 2, 3, 6ನೇ ಎಳೆಗಳಷ್ಟೇ ಸಾಕು. ಅಂದಹಾಗೆ, ಅರ್ಧ ನಿಮಿಷದ ಲೆಕ್ಕಕ್ಕೂ ಕಾರಣವಿದೆ. ಕೇಬಲ್ ಒಂದು ಕ್ಷಣ ಬಿಟ್ಟರೂ, ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್‌ಗಳು ಸುತ್ತು ಹಾಕದಂತೆ ತಡೆಯುವ ವ್ಯವಸ್ಥೆ) ಚಾಲೂ ಇರುವ ಹಳೆಯ ಬಗೆಯ ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ) ಆ ಪೋರ್ಟನ್ನು ಮತ್ತೆ ತೆರೆಯಲು 30 ಸೆಕೆಂಡು ತೆಗೆದುಕೊಳ್ಳುತ್ತದೆ.

ಸರಿಯಿರುವ ಕೇಬಲ್ ಒಂದನ್ನು ಹಾಕಿ ಅರ್ಧ ದಿನ ನೋಡಿ. ಆಗಲೂ ಹೋದರೆ ಸ್ವಿಚ್‌ನಲ್ಲಿ ಬೇರೆ ಪೋರ್ಟ್‌ಗೆ ಸಿಕ್ಕಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಗೊತ್ತಾಗುವುದಿಲ್ಲ.

ಕೆಲಸ ಬಿಟ್ಟು ಎದ್ದುಹೋದಾಗಲೇ ನೆಟ್‌ವರ್ಕ್ ಹೋಗುವುದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ‘ಪವರ್ ಮ್ಯಾನೇಜ್‌ಮೆಂಟ್’ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬುದರ ಟಿಕ್ ತೆಗೆಯಿರಿ. ವಿಂಡೋಸ್ ಹೊಸದಾಗಿ ಹಾಕಿದಾಗ ಆ ಟಿಕ್ ಮರಳಿ ಬಂದಿರಬಹುದು.

ದೀಪ ಉರಿಯುತ್ತಿದ್ದೂ ಪಿಂಗ್ ನಿಲ್ಲುವುದಾದರೆ ಇನ್ನೊಂದು ಸಾಧನಕ್ಕೂ ನಿಮ್ಮದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಇರಬಹುದು. ನಿಮ್ಮ ಕೇಬಲ್ ಕಿತ್ತಿಟ್ಟು, ಪಕ್ಕದ ಕಂಪ್ಯೂಟರ್‌ನಿಂದ ನಿಮ್ಮ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಕೊಡುತ್ತಿರುವುದು ನಿಮ್ಮ ಕಂಪ್ಯೂಟರ್ ಅಲ್ಲ! ಅಲ್ಲೇ ‘ಎಆರ್‌ಪಿ -ಎ’ (arp -a) ಕೊಟ್ಟರೆ ಆ ಸಾಧನದ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಸಿಗುತ್ತದೆ. ಕೈಯಾರೆ ವಿಳಾಸ ಕೊಟ್ಟ ಪ್ರಿಂಟರ್‌ಗಳನ್ನು ಮೊದಲು ನೋಡಿ. ಪ್ರಿಂಟರ್‌ನ ವಿಳಾಸ ರೌಟರ್ ತಾನಾಗಿಯೇ ಹಂಚುವ ವಿಳಾಸಗಳ (ಡಿಎಚ್‌ಸಿಪಿ) ಶ್ರೇಣಿಯ ಹೊರಗಿದ್ದರೆ ಈ ಜಗಳ ಮತ್ತೆ ಬರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಒಮ್ಮೆಲೇ ನಿಲ್ಲುತ್ತವೆ. ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮನೆ ವೇಗವಾಗಿ ಮಿನುಗುತ್ತವೆ. ಸ್ವಿಚ್ ಕೆಟ್ಟಿದೆಯೇ?

ಉತ್ತರ: ಸ್ವಿಚ್ ಬದಲಿಸುವ ಮೊದಲು ಒಂದೇ ಕೇಬಲ್‌ನ ಎರಡೂ ತುದಿಗಳು ಸ್ವಿಚ್‌ಗೇ ಸಿಕ್ಕಿವೆಯೇ ನೋಡಿ. ಮೇಜಿನಡಿಯ ಸಣ್ಣ ಸ್ವಿಚ್‌ಗಳನ್ನೂ ಬಿಡಬೇಡಿ. ಹಾಗಾದಾಗ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ, ಉಳಿದವರಿಗೆ ದಾರಿಯೇ ಸಿಗುವುದಿಲ್ಲ. ಕೇಬಲ್‌ಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ; ಯಾವುದನ್ನು ಕಿತ್ತಾಗ ಮಿನುಗು ಶಾಂತವಾಯಿತೋ ಆ ಕೇಬಲ್‌ನ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕಿ.