ವಾಹನ ಪ್ರಶ್ನೋತ್ತರ: ಹಳೆಯ ಜೀಪಿನಲ್ಲಿ ಖರ್ದುಂಗ್ ಲಾ

ಪ್ರಶ್ನೆ: ನಮ್ಮ ತೋಟದ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ನಿಂತಿದ್ದ ಮಹೀಂದ್ರ ಎಂಎಂ 540 ಜೀಪನ್ನು ಪೂರ್ತಿ ಬಿಚ್ಚಿಸಿ, ಎಂಜಿನ್ ಬೋರ್ ಮಾಡಿಸಿ, ಗೇರ್‌ಬಾಕ್ಸ್, ಬ್ರೇಕ್, ವೈರಿಂಗ್ ಎಲ್ಲವನ್ನೂ ಹೊಸದಾಗಿ ಕಟ್ಟಿಸಿದ್ದೇನೆ. ಟರ್ಬೊ ಇಲ್ಲದ ಹಳೆಯ ಪ್ಯೂಜೊ ಡೀಸೆಲ್ ಎಂಜಿನ್. ಆಗಸ್ಟ್ ಕೊನೆಯಲ್ಲಿ ನಮ್ಮ ಭಾವನವರೊಂದಿಗೆ ಶ್ರೀನಗರದ ಮೂಲಕ ಲೇಹ್ ತಲುಪಿ, ಅಲ್ಲಿನ ಎತ್ತರದ ಘಟ್ಟವಾದ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆ ನೋಡಿಕೊಂಡು, ಮನಾಲಿ ಮಾರ್ಗವಾಗಿ ಹಿಂದಿರುಗುವ ಯೋಚನೆಯಿದೆ. ಎತ್ತರದಲ್ಲಿ ಎಳೆತ ಸಾಲದೆಂದು, ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿಕೊಡುವುದಾಗಿ ನಮ್ಮ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಲೇ?
– ಸಕಲೇಶಪುರದ ಓದುಗರೊಬ್ಬರು

ಉತ್ತರ: ಖಂಡಿತ ಮಾಡಿಸಬೇಡಿ. ಎತ್ತರದಲ್ಲಿ ಎಂಜಿನ್ನಿಗೆ ಕಡಿಮೆ ಬೀಳುವುದು ಗಾಳಿ, ಡೀಸೆಲ್ ಅಲ್ಲ. ಖರ್ದುಂಗ್ ಲಾದಲ್ಲಿ ನಿಲ್ಲಿಸಿದ್ದ ಫಲಕಗಳು 18,380 ಅಡಿ ಎಂದು ಸಾರುತ್ತಿದ್ದರೂ ಅದರ ನಿಜವಾದ ಎತ್ತರ ಸುಮಾರು 17,582 ಅಡಿ, ಅಂದರೆ 5,359 ಮೀಟರ್. ಅಲ್ಲಿನ ವಾಯುಭಾರ ಸಮುದ್ರ ಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ನಿಮ್ಮ ಜೀಪಿನ ಪಂಪು ಯಾಂತ್ರಿಕವಾದದ್ದು. ಗಾಳಿ ತೆಳುವಾಗಿದೆಯೆಂದು ಅದಕ್ಕೆ ತಿಳಿಯುವುದಿಲ್ಲ, ಆಕ್ಸಿಲರೇಟರ್ ಒತ್ತಿದಷ್ಟೂ ಸಕಲೇಶಪುರದಲ್ಲಿ ಕೊಡುತ್ತಿದ್ದಷ್ಟೇ ಡೀಸೆಲನ್ನು ಅಲ್ಲಿಯೂ ಕೊಡುತ್ತದೆ. ಉರಿಯಲು ಗಾಳಿ ಸಾಲದ ಡೀಸೆಲ್ ಕರಿ ಹೊಗೆಯಾಗಿ ಹೋಗುತ್ತದೆ, ಸೈಲೆನ್ಸರಿಗೆ ಹೋಗುವ ಅನಿಲದ ಬಿಸಿ ಏರುತ್ತದೆ, ಹೊಸ ಪಿಸ್ಟನ್ನುಗಳು ಅನವಶ್ಯಕವಾಗಿ ಕಾಯುತ್ತವೆ. ಇದರ ಮೇಲೆ ಮತ್ತಷ್ಟು ಡೀಸೆಲ್ ಹೆಚ್ಚಿಸಿದರೆ ಶಕ್ತಿ ಬರುವುದಿಲ್ಲ, ಹೊಗೆ ಮಾತ್ರ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಒಪ್ಪಿಕೊಂಡು, ಡೀಸೆಲ್ ಸಿಂಪಡಿಸುವ ನಾಜಲ್‌ಗಳ ಒತ್ತಡ ಪರೀಕ್ಷೆ ಮಾಡಿಸಿ, ಪಂಪನ್ನು ಕಂಪನಿಯ ಅಳತೆಗೇ ಕ್ಯಾಲಿಬ್ರೇಷನ್ ಮಾಡಿಸಿ, ಏರ್ ಫಿಲ್ಟರ್ ಸ್ವಚ್ಛವಾಗಿಟ್ಟುಕೊಂಡು ಹೊರಡಿ. ಘಟ್ಟದ ಕೊನೆಯ ತಿರುವುಗಳಲ್ಲಿ ಹೊಗೆ ಕಂಡರೆ ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಒಂದು ಗೇರ್ ಕೆಳಗಿಳಿಸಿ. ಕಡಿದಾದ ಕಲ್ಲುಮಣ್ಣಿನ ಏರಿನಲ್ಲಿ ನಾಲ್ಕೂ ಚಕ್ರಗಳಿಗೆ ನಿಧಾನದ ಗೇರಿನಲ್ಲಿ ಬಲ ಕೊಡುವ ಫೋರ್ ವೀಲ್ ಲೋ ಹಾಕಿಕೊಳ್ಳಲು ಸಂಕೋಚ ಬೇಡ. ಒಣ ಡಾಂಬರಿನ ಮೇಲೆ ಮಾತ್ರ ಫೋರ್ ವೀಲ್ ಹಾಕಿ ಓಡಿಸಬೇಡಿ.

ನನಗೆ ಚಿಂತೆಯಿರುವುದು ಎಂಜಿನ್ನಿನ ಶಕ್ತಿಯ ಬಗ್ಗೆ ಅಲ್ಲ, ಹೊಸದಾಗಿ ಕಟ್ಟಿದ ಗಾಡಿ ಇನ್ನೂ ಎಲ್ಲಿಯೂ ದಣಿದಿಲ್ಲ ಎಂಬುದರ ಬಗ್ಗೆ. ವರ್ಷಗಟ್ಟಲೆ ಓಡಿದ ಹಳೆಯ ಗಾಡಿಯ ದೋಷಗಳು ಮಾಲೀಕರಿಗೆ ಗೊತ್ತಿರುತ್ತವೆ. ಬಿಚ್ಚಿ ಕಟ್ಟಿದ ಗಾಡಿಯ ದೋಷಗಳು ಯಾರಿಗೂ ಗೊತ್ತಿರುವುದಿಲ್ಲ, ಮೆಕ್ಯಾನಿಕ್‌ಗೂ ಸಹ. ಆದ್ದರಿಂದ ಮೊದಲ 1,500 ಕಿ.ಮೀ.ವರೆಗೆ ಹದವಾಗಿ ಓಡಿಸಿ, 500 ಕಿ.ಮೀ. ಆದಾಗ ಆಯಿಲ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಸಂದು) ನೋಡಿಸಿ, ಹೆಡ್ ಬೋಲ್ಟುಗಳನ್ನೂ ಪ್ಲೇಟು ಕಟ್ಟಿನ (ಲೀಫ್ ಸ್ಪ್ರಿಂಗಿನ) ಯು-ಬೋಲ್ಟುಗಳನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿಸಿ. ಅನಂತರ ಏಪ್ರಿಲ್ ಬಿಸಿಲಿನಲ್ಲಿ, ಲಡಾಖ್‌ಗೆ ಒಯ್ಯುವಷ್ಟೇ ಭಾರ ಹೇರಿಕೊಂಡು, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿಸಿ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಮಾತ್ರ ಇರುವುದರಿಂದ ತೆಳು ಗಾಳಿಯ ಪರೀಕ್ಷೆಯನ್ನು ಇಲ್ಲಿ ಮಾಡಲಾಗದು. ಆದರೆ ರೇಡಿಯೇಟರ್, ಕ್ಲಚ್, ಬ್ರೇಕ್ ಮೂರರ ಪರೀಕ್ಷೆಗೂ ನಿಮ್ಮ ಮನೆಬಾಗಿಲಿನ ಘಾಟಿ ಸಾಕು.

ರೇಡಿಯೇಟರಿನ ಮುಚ್ಚಳ ಸಣ್ಣ ವಸ್ತುವಾದರೂ ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಖರ್ದುಂಗ್ ಲಾದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 83 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಓಡುವ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ. ಕುದಿಯದಂತೆ ತಡೆಯುವುದು ಮುಚ್ಚಳದ ಸ್ಪ್ರಿಂಗು ಹಿಡಿದಿಡುವ ಒತ್ತಡ. ಮುಚ್ಚಳದ ರಬ್ಬರು ಸೀಳಿದ್ದರೆ ನಮ್ಮೂರಿನಲ್ಲಿ ಏನೂ ತಿಳಿಯದು, ಅಲ್ಲಿ ನೀರು ಉಕ್ಕಿ ಹೊರಗೆ ಬರುತ್ತದೆ. ಹೊಸ ಮುಚ್ಚಳ ಹಾಕಿಸಿ, ಒಂದನ್ನು ಜೊತೆಗೂ ಇಟ್ಟುಕೊಳ್ಳಿ. ಮಲೆನಾಡಿನ ಜೀಪುಗಳಲ್ಲಿ ಬರೀ ನೀರು ತುಂಬುವ ರೂಢಿಯಿದೆ. ಸೆಪ್ಟೆಂಬರಿನಲ್ಲಿ ಮನಾಲಿ ದಾರಿಯ ಸರ್ಚು, ಪಾಂಗ್‌ಗಳಲ್ಲಿ ರಾತ್ರಿ ತಂಗಿದರೆ ಆ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುವ ಅಪಾಯವಿರುವುದರಿಂದ ಅರ್ಧ ಕೂಲೆಂಟ್, ಅರ್ಧ ಶುದ್ಧ ನೀರಿನ ಮಿಶ್ರಣ ತುಂಬಿಸಿ. ಗಾಡಿ ಕಾಯಬಾರದೆಂದು ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ಅಭ್ಯಾಸವೂ ನಮ್ಮ ಗ್ಯಾರೇಜುಗಳಲ್ಲಿದೆ. ನಿಮ್ಮದರಲ್ಲಿ ಅದು ಇದೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೆ ಲಡಾಖಿನ ಚಳಿಗೆ ಎಂಜಿನ್ ಹದವಾದ ಬಿಸಿಗೆ ಬರುವುದೇ ಇಲ್ಲ.

ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ನಿನ ಒಳಭಾಗವನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳ ಕಥೆಯೂ ಇದೇ. ಸಕಲೇಶಪುರದಲ್ಲಿ ಅವಿಲ್ಲದೆಯೂ ಎಂಜಿನ್ ಸ್ಟಾರ್ಟ್ ಆಗುತ್ತದೆಂದು ವೈರು ಬಿಚ್ಚಿಟ್ಟಿರುವ ಜೀಪುಗಳು ಎಷ್ಟೋ ಇವೆ. ಲೇಹ್‌ನ ಬೆಳಗಿನಲ್ಲಿ ಗಾಳಿ ತಣ್ಣಗೂ ಇರುತ್ತದೆ, ತೆಳುವಾಗಿಯೂ ಇರುತ್ತದೆ. ಸಿಲಿಂಡರಿನೊಳಗೆ ಒತ್ತಿದರೂ ಡೀಸೆಲ್ ಹೊತ್ತಿಕೊಳ್ಳುವಷ್ಟು ಬಿಸಿಯಾಗುವುದಿಲ್ಲ. ನಾಲ್ಕು ಪ್ಲಗ್‌ಗಳನ್ನೂ ಒಂದೊಂದಾಗಿ ಬ್ಯಾಟರಿಗೆ ಹಿಡಿದು ಕೆಂಪಗಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಜೋಡಿಸಲು ಹೇಳಿ. ಡೀಸೆಲ್ ಫಿಲ್ಟರ್ ಬದಲಿಸಿ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿಯನ್ನು ತೆಗೆಯುವ ಕೆಲಸವನ್ನು ನೀವೂ ನಿಮ್ಮ ಭಾವನವರೂ ಕೈಯಾರೆ ಕಲಿತುಕೊಳ್ಳಿ, ಏಕೆಂದರೆ ದಾರಿಯಲ್ಲಿ ಗಾಡಿ ನಿಂತರೆ ಬಹುತೇಕ ಇದೇ ಕಾರಣಕ್ಕೆ ನಿಂತಿರುತ್ತದೆ.

ಬ್ರೇಕಿನ ವಿಷಯದಲ್ಲಿ ನಿಮ್ಮ ಪತ್ರ ಒಂದು ವಿವರವನ್ನು ಹೇಳಿಲ್ಲ: ಹೊಸದಾಗಿ ಕಟ್ಟುವಾಗ ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಹಾಕಿಸಿದ್ದೀರೋ ಇಲ್ಲವೋ? ಹಾಕಿಸಿದ್ದರೆ, ಅದು ಹೊರಗಿನ ವಾಯುಭಾರದ ಬಲದಿಂದಲೇ ಕೆಲಸ ಮಾಡುವ ಸಾಧನವಾದ್ದರಿಂದ, ಘಟ್ಟದ ತುದಿಯಲ್ಲಿ ಅದರ ನೆರವು ಅರ್ಧಕ್ಕೆ ಸಮೀಪ ಇಳಿಯುತ್ತದೆಂದು ತಿಳಿದಿರಿ. ಪೆಡಲ್ ಗಟ್ಟಿಯೆನಿಸಿದರೆ ಗಾಬರಿಯಾಗದೆ ಬಲವಾಗಿ ಒತ್ತಿ. ಹತ್ತಲು ಬಳಸಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಆಯಿಲ್ ಹೊಸದಾಗಿರಲಿ. ತೇವ ಹೀರಿದ ಹಳೆಯ ಆಯಿಲ್ ದೀರ್ಘ ಇಳಿಜಾರಿನಲ್ಲಿ ಕುದಿದು ಪೆಡಲ್ ನೆಲ ಮುಟ್ಟುತ್ತದೆ.

ಕಾಗದಪತ್ರಗಳನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಬೋರ್ ಮಾಡಿಸಿದ್ದರೆ ತೊಂದರೆಯಿಲ್ಲ, ಆದರೆ ಬ್ಲಾಕನ್ನೇ ಬದಲಿಸಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಂಡಿರಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮೆಯವರು ಕೈ ಎತ್ತುತ್ತಾರೆ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಆಮೇಲೂ ಆದೇಶಗಳು ಬದಲಾಗುತ್ತಲೇ ಇವೆ. ಹಳೆಯ ಜೀಪನ್ನು ಆ ಗೊಂದಲಕ್ಕೆ ಒಡ್ಡುವುದಕ್ಕಿಂತ ಜೈಪುರ, ಸೀಕರ್, ಹಿಸಾರ್, ಬಠಿಂಡಾ ಮೂಲಕ ಪಠಾಣ್‌ಕೋಟ್ ಸೇರುವುದು ಲೇಸು.

ನೀವು ಆರಿಸಿರುವ ದಿಕ್ಕು ಸರಿಯಾಗಿದೆ. ಶ್ರೀನಗರ, ಕಾರ್ಗಿಲ್, ಲೇಹ್ ಎಂದು ಮೆಟ್ಟಿಲು ಮೆಟ್ಟಿಲಾಗಿ 3,500 ಮೀಟರಿಗೆ ಏರಿದರೆ ದೇಹಕ್ಕೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಲೇಹ್‌ನಲ್ಲಿ ಎರಡು ರಾತ್ರಿಯಾದರೂ ತಂಗದೆ ಖರ್ದುಂಗ್ ಲಾ ಕಡೆಗೆ ಗಾಡಿ ತಿರುಗಿಸಬೇಡಿ. ತಲೆನೋವು, ವಾಂತಿ ಕಡಿಮೆಯಾಗದಿದ್ದರೆ ಕೆಳಗಿಳಿಯುವುದೊಂದೇ ದಾರಿ.

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ ಜಿಪ್ಸಿ, ಈಚೆಗೆ ರೀಬಿಲ್ಡ್ ಮಾಡಿಸಿದ್ದು. ಲಡಾಖ್ ಪ್ರವಾಸಕ್ಕಾಗಿ ಎಂಪಿಎಫ್‌ಐ (ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂರಿಸಬೇಕೇ?
– ಧಾರವಾಡದ ಓದುಗರೊಬ್ಬರು

ಉತ್ತರ: ಒಂದು ಪ್ರವಾಸಕ್ಕಾಗಿ ಬೇಡ. ಎಂಪಿಎಫ್‌ಐ ಎಂಜಿನ್ ಗಾಳಿಯ ಒತ್ತಡವನ್ನು ಸೆನ್ಸರಿನಿಂದ ಅಳೆದು ಪೆಟ್ರೋಲನ್ನು ತಾನೇ ತಗ್ಗಿಸಿಕೊಳ್ಳುವುದು ನಿಜ. ಆದರೆ ಹೊರಡುವ ಮುನ್ನ ಹೊಸ ವೈರಿಂಗ್ ಮತ್ತು ಹೊಸ ದಾಖಲಾತಿಯ ತಲೆನೋವು ತಂದುಕೊಳ್ಳುವುದು ಜಾಣತನವಲ್ಲ. ಒಂದು ಅಳತೆ ಚಿಕ್ಕದಾದ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ರಂಧ್ರವಿರುವ ಬಿಡಿಭಾಗ) ಜೊತೆಗಿಟ್ಟುಕೊಂಡು ಲೇಹ್‌ನಲ್ಲಿ ಬದಲಿಸಿ, ಬಯಲಿಗೆ ಇಳಿದ ಕೂಡಲೇ ಹಳೆಯದನ್ನೇ ಹಾಕಿ. ಚಿಕ್ಕ ಜೆಟ್‌ನಲ್ಲಿ ಬಯಲಿನಲ್ಲಿ ಓಡಿಸಿದರೆ ವಾಲ್ವ್ ಸುಡುತ್ತದೆ. ವಾಯುಭಾರ ಕಡಿಮೆಯಿರುವಲ್ಲಿ ಪೆಟ್ರೋಲ್ ಬೇಗ ಆವಿಯಾಗಿ ಲೈನ್ ಕಟ್ಟಿಕೊಳ್ಳುವುದರಿಂದ ಪೆಟ್ರೋಲ್ ಪೈಪು ಎಕ್ಸಾಸ್ಟ್‌ಗೆ ತಾಗದಂತೆ ದೂರ ಸರಿಸಿ ಕಟ್ಟಿಸಿ.

ಪ್ರಶ್ನೆ: ಟೈರಿನ ಗಾಳಿಯನ್ನು ಮೇಲೆ ಹೋದಂತೆ ಇಳಿಸಬೇಕೇ? ಮನಾಲಿ ದಾರಿಯಲ್ಲಿ ಇಂಧನದ ಕ್ಯಾನ್ ಒಯ್ಯಲೇಬೇಕೇ?
– ತುಮಕೂರಿನ ಓದುಗರೊಬ್ಬರು

ಉತ್ತರ: ಹೊರಗಿನ ಒತ್ತಡ ಕಡಿಮೆಯಾಗುವುದರಿಂದ ಬೆಂಗಳೂರಿನಲ್ಲಿ 28 ಪಿಎಸ್‌ಐ ತುಂಬಿಸಿದ ಟೈರು ಖರ್ದುಂಗ್ ಲಾದ ತುದಿಯಲ್ಲಿ ಗೇಜಿಗೆ ಐದಾರು ಪಿಎಸ್‌ಐ ಹೆಚ್ಚು ತೋರಿಸಬಹುದು, ಚಳಿಯಿದ್ದರೆ ಅದರಲ್ಲಿ ಒಂದಷ್ಟು ತಾನೇ ಇಳಿಯುತ್ತದೆ. ಲೇಹ್‌ನಲ್ಲಿ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಒಮ್ಮೆ ಸರಿಮಾಡಿಕೊಂಡರೆ ಸಾಕು. ಕ್ಯಾನ್ ಬೇಕೇ ಬೇಕು. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಾಂಡಿಯ ಪೆಟ್ರೋಲ್ ಪಂಪಿನ ಬಳಿ ಮುಂದಿನ ಪಂಪು 365 ಕಿ.ಮೀ. ದೂರದಲ್ಲಿದೆಯೆಂದು ಎಚ್ಚರಿಸುವ ಫಲಕ ಪ್ರಸಿದ್ಧವಾದದ್ದು. ಲೇಹ್ ಕಡೆಯಿಂದ ಬರುವವರು ಕಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಕೆಳ ಗೇರಿನ ಏರುಗಳಲ್ಲಿ ಮೈಲೇಜ್ ಬಹಳ ಕುಸಿಯುವುದರಿಂದ ಊರಿನ ಲೆಕ್ಕದ ಮೇಲೆ ಮೂರನೇ ಒಂದು ಭಾಗ ಸೇರಿಸಿ ಒಯ್ಯಿರಿ. ಕ್ಯಾನು ಲೋಹದ್ದಾಗಿರಲಿ, ಸೀಟಿನ ಹಿಂದೆ ಸಡಿಲವಾಗಿ ಉರುಳದಂತೆ ಪಟ್ಟಿಯಿಂದ ಬಿಗಿದಿರಲಿ.